ಗುಡ್ಡದ ಬೇರು ಬೇಡ, ಬದುವಿನ ಸೀತಾಫಲ ಹಿಡಿಯಿರಿ

ಪ್ರಶ್ನೆ: ನಮ್ಮೂರು ಜೋಗಿಮಟ್ಟಿ ಗುಡ್ಡದ ಪಕ್ಕದಲ್ಲಿದೆ. ಮಳೆ ಕೈಕೊಟ್ಟು ಶೇಂಗಾ ಹೋಯಿತು. ಮಾಗಳಿ ಬೇರು ಅಗೆದು ತಂದರೆ ಕೊಳ್ಳುತ್ತೇನೆ ಎಂದು ವ್ಯಾಪಾರಿಯೊಬ್ಬರು ಹೇಳುತ್ತಿದ್ದಾರೆ. ಗುಡ್ಡದ ಗಿಡಗಳಿಂದ ಸಂಸಾರ ನಡೆಸಬಹುದೇ?
– ಓದುಗರೊಬ್ಬರು, ಚಿತ್ರದುರ್ಗ ತಾಲ್ಲೂಕು

ಉತ್ತರ: ಗುಡ್ಡದ ಮಾಗಳಿಯನ್ನು ದಯವಿಟ್ಟು ಮುಟ್ಟಬೇಡಿ. ಅದರ ರುಚಿ ನನಗೂ ಗೊತ್ತು. ನಮ್ಮಮ್ಮ ಬೇರಿನ ಸಿಪ್ಪೆ ಹೆರೆದು, ನಡುವಿನ ನಾರು ತೆಗೆದು, ಸಣ್ಣಗೆ ಹೆಚ್ಚಿ ಉಪ್ಪು, ಹುಳಿಮಜ್ಜಿಗೆಯಲ್ಲಿ ಹಾಕಿಡುತ್ತಿದ್ದರು. ಜಾಡಿ ತೆಗೆದರೆ ಮನೆಯೆಲ್ಲ ಘಮ. ಆದರೆ ಬಂಡೆ ಸಂದಿನಲ್ಲಿ ನಿಧಾನಕ್ಕೆ ಬೆಳೆಯುವ ಬಳ್ಳಿ ಅದು. ಬೇರು ಅಗೆದರೆ ಬಳ್ಳಿಯೇ ಹೋಯಿತು. ಹೀಗೆ ಅಗೆದೂ ಅಗೆದೂ ಈಗ ಅಳಿವಿನಂಚಿಗೆ ಬಂದಿದೆ. ಮೇಲಾಗಿ ಜೋಗಿಮಟ್ಟಿ ವನ್ಯಜೀವಿಧಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಮತಿಯಿಲ್ಲದೆ ಅಲ್ಲಿ ಅಗೆಯುವುದು ಅಪರಾಧ. ಸಿಕ್ಕಿಬೀಳುವವರು ಗುದ್ದಲಿ ಹಿಡಿದ ನೀವೇ ಅಲ್ವಾ? ಮಾಗಳಿ ಬೇಕೇ ಬೇಕೆಂದರೆ ನರ್ಸರಿಯ ಸಸಿ ತಂದು ನಿಮ್ಮ ಬೇಲಿಗೆ ಹಬ್ಬಿಸಿ, ಕೆಲವು ವರ್ಷ ಕಾಯಿರಿ.

ನಮ್ಮ ಕಡೆಯ ನಿಜವಾದ ಸರಕು ಸೀತಾಫಲ. ನೀರು ಜಾಸ್ತಿ ಕೇಳುವುದಿಲ್ಲ, ಆಡು ಬಾಯಿ ಹಾಕುವುದಿಲ್ಲ. ಬದುವಿನ ಮೇಲೆ ಸುಮ್ನೆ ಬೆಳೆಯುತ್ತದೆ. ಎಡವುವುದು ಕೀಳುವಾಗ. ಕಾಯಿಯ ಕಣ್ಣುಗಳ ನಡುವಿನ ಗೆರೆ ಅಗಲವಾಗಿ, ಬಿಳಿ ಹಳದಿಗೆ ತಿರುಗಬೇಕು. ಎಳೆಯದನ್ನು ಕಿತ್ತರೆ ಹಣ್ಣಾಗದೆ ಕಪ್ಪಾಗಿ ಕಲ್ಲಾಗುತ್ತದೆ. ಬಲಿತದ್ದು ಎರಡು-ಮೂರು ದಿನಕ್ಕೆ ಹಣ್ಣಾಗುತ್ತದೆ, ಆಮೇಲೆ ತಡೆಯುವುದಿಲ್ಲ. ಅದಕ್ಕೇ ಹೆದ್ದಾರಿ ಬದಿ ಕೂತ ಹೆಂಗಸರು ಸಂಜೆಯಾದರೆ ಬಂದಷ್ಟಕ್ಕೆ ಕೊಟ್ಟುಬಿಡುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಕಾಯಿದ್ದಾಗಲೇ ದಪ್ಪ, ಸಣ್ಣ ಬೇರೆ ಮಾಡಿ. ಹುಲ್ಲು ಹಾಸಿದ ಪುಟ್ಟಿಯಲ್ಲಿ ಒಂದೇ ಪದರ ಜೋಡಿಸಿ ದಾವಣಗೆರೆಗೋ ಬೆಂಗಳೂರಿಗೋ ಕಳಿಸಿ. ಒಡೆದ ಹಣ್ಣಿನ ತಿರುಳನ್ನು ಕಾಯಿಸಬೇಡಿ, ಕಹಿಯಾಗುತ್ತದೆ. ಬೀಜ ತೆಗೆದು ಫ್ರೀಜರ್‌ನಲ್ಲಿಟ್ಟರೆ ಐಸ್‌ಕ್ರೀಂ ಮಾಡುವವರು ಕೊಳ್ಳುತ್ತಾರೆ. ಫ್ರೀಜರ್ ಖರ್ಚು ಒಬ್ಬರ ಕೈಲಾಗದು, ಊರಿನ ಸ್ವಸಹಾಯ ಸಂಘದವರನ್ನು ಸೇರಿಸಿಕೊಳ್ಳಿ. ಬೀಜದ ಪುಡಿಯನ್ನು ಹೇನಿಗೆ ಹಚ್ಚುವ ರೂಢಿ ಇದೆ. ಕಣ್ಣಿಗೆ ಬಿದ್ದರೆ ಕಣ್ಣೇ ಕೆಡುತ್ತದೆ. ಅದನ್ನು ಮಾತ್ರ ಮಾರಬೇಡಿ.

ಸಂಸಾರ ಪೂರ್ತಿ ಇದರಿಂದಲೇ ನಡೆಯುತ್ತದೆ ಎಂದು ನಾನು ಹೇಳುವುದಿಲ್ಲ. ಸೀತಾಫಲ ಮಳೆಗಾಲದ ಕೊನೆಗೆ, ಹುಣಸೆ ಶಿವರಾತ್ರಿ ಆಸುಪಾಸಿಗೆ, ಹೊಂಗೆ ಬೀಜ ಬೇಸಿಗೆಗೆ. ಮೂರೂ ನಿಮ್ಮ ಹೊಲದ ಬದುವಿನಲ್ಲೇ ಬರುತ್ತವೆ. ಶೇಂಗಾ ಕೈಕೊಟ್ಟ ವರ್ಷ ಅಂಗಡಿ ಸಾಲ, ಮಕ್ಕಳ ಫೀಸಿಗೆ ದಾರಿಯಾಗುತ್ತದೆ. ಈ ಮುಂಗಾರಿಗೇ ಸಸಿ ನೆಡಿ.