ಓದುಗರ ಪ್ರಶ್ನೆಗಳು: ಸ್ಕೇಟ್‌ಬೋರ್ಡಿನ ಬೋಲ್ಟು ಮತ್ತು ನಟ್ಟುಗಳು

ಪ್ರಶ್ನೆ: ನನ್ನ ಮಗಳ ಸ್ಕೇಟ್‌ಬೋರ್ಡಿನಲ್ಲಿ ಗಾಲಿಗಳ ಟ್ರಕ್ಕನ್ನು (ಗಾಲಿಗಳನ್ನು ಹಿಡಿದಿರುವ ಲೋಹದ ಭಾಗವನ್ನು) ಹಲಗೆಗೆ ಬಿಗಿದಿರುವ ಬೋಲ್ಟುಗಳ ಪೈಕಿ ಮೂರಕ್ಕೆ ತುಕ್ಕು ಹಿಡಿದಿದೆ, ಒಂದು ಬೋಲ್ಟ್ ನಟ್ಟಿನ ಸಮೇತ ಬಿದ್ದುಹೋಗಿದೆ. ಅಂಗಡಿಯಲ್ಲಿ ಐದು ಮಿಲಿಮೀಟರ್ ದಪ್ಪದ ಬೋಲ್ಟ್ ಕೊಟ್ಟರು. ನೋಡಲು ಒಂದೇ ತೆರನಾಗಿದ್ದರೂ ಹಳೆಯ ನಟ್ಟು ಅದರ ಮೇಲೆ ಸ್ವಲ್ಪ ತಿರುಗಿ ನಿಂತುಬಿಡುತ್ತದೆ. ಒತ್ತಿ ತಿರುಗಿಸಬಹುದೆ? — ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ದಯವಿಟ್ಟು ತಿರುಗಿಸಬೇಡಿ. ಸ್ಕೇಟ್‌ಬೋರ್ಡಿಗೆ ಸಾಮಾನ್ಯವಾಗಿ ಬಳಸುವುದು 10-32 ಎಂಬ ಇಂಚಿನ ಅಳತೆಯ ಬೋಲ್ಟು. ಅದರ ದಪ್ಪ ಸುಮಾರು 4.8 ಮಿಲಿಮೀಟರ್, ಒಂದು ಇಂಚಿಗೆ 32 ಸುತ್ತು. ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಎಂ5, ಅಂದರೆ ಐದು ಮಿಲಿಮೀಟರ್ ದಪ್ಪದ ಬೋಲ್ಟಿನ ಸುತ್ತುಗಳ ನಡುವಣ ಅಂತರ 0.8 ಮಿಲಿಮೀಟರ್, 10-32ರ ಅಂತರ ಅದಕ್ಕಿಂತ ಕೂದಲೆಳೆಯಷ್ಟು ಮಾತ್ರ ಕಡಿಮೆ. ಮೋಸ ಹೋಗುವುದು ಈ ಹೋಲಿಕೆಯಿಂದಲೇ. ಎಂ5 ಬೋಲ್ಟಿಗೆ 10-32 ನಟ್ಟನ್ನು ಬಲವಂತವಾಗಿ ಏರಿಸಿದರೆ ಎರಡರ ಸುತ್ತುಗಳೂ ಹಾಳಾಗುತ್ತವೆ. 10-32 ಬೋಲ್ಟಿಗೆ ಎಂ5 ನಟ್ಟು ಹಾಕಿದರೆ ಅದು ಸಲೀಸಾಗಿ ಏರುತ್ತದೆಯಾದರೂ ಸಡಿಲವಾಗಿ ಕೂರುತ್ತದೆ. ಎರಡನೆಯದೇ ಹೆಚ್ಚು ಅಪಾಯಕಾರಿ ಎಂದು ನನ್ನ ಅಭಿಪ್ರಾಯ, ಏಕೆಂದರೆ ತಪ್ಪಾಗಿದೆಯೆಂಬುದು ಕೈಗೆ ತಿಳಿಯುವುದೇ ಇಲ್ಲ. ಗುರುತಿಸಲು ಒಂದು ಉಪಾಯವಿದೆ: ಎಂ5 ನಟ್ಟಿಗೆ 8 ಮಿಲಿಮೀಟರ್ ಸ್ಪ್ಯಾನರ್ ಸರಿಯಾಗಿ ಕೂರುತ್ತದೆ, ಸ್ಕೇಟ್‌ಬೋರ್ಡಿನ ನಟ್ಟಿಗೆ ಬೇಕಾಗುವುದು 3/8 ಇಂಚಿನದು. ಅದರ ಬದಲು 10 ಮಿಲಿಮೀಟರಿನದನ್ನು ಹಾಕಿದರೆ ನಟ್ಟಿನ ಮೂಲೆಗಳು ಸವೆದು ದುಂಡಗಾಗುತ್ತವೆ.

ಇನ್ನು ಉದ್ದದ ಮಾತು. ಹಲಗೆಯೊಳಗೆ ತಲೆ ಮುಳುಗುವ ಈ ಬೋಲ್ಟುಗಳ ಉದ್ದವನ್ನು ತಲೆಯನ್ನೂ ಸೇರಿಸಿಯೇ ಅಳೆಯುತ್ತಾರೆ. ಟ್ರಕ್ಕಿಗೂ ಹಲಗೆಗೂ ನಡುವೆ ಮೆತ್ತೆ ಇಲ್ಲದಿದ್ದರೆ 7/8 ಅಥವಾ 1 ಇಂಚು ಸಾಕು. 1/8 ಇಂಚಿನ ಮೆತ್ತೆಯಿದ್ದರೆ ಒಂದೂಕಾಲು, 1/4 ಇಂಚಿನದಾದರೆ ಒಂದೂವರೆ ಇಂಚು ಬೇಕಾಗುತ್ತದೆ. ಬಿಗಿದ ಮೇಲೆ ನಟ್ಟಿನಿಂದ ಎರಡು ಮೂರು ಸುತ್ತು ಹೊರಗೆ ಕಾಣಬೇಕು. ಕಾಣದಿದ್ದರೆ ಬೋಲ್ಟಿನ ತುದಿ ನಟ್ಟಿನ ಒಳಗಿರುವ ನೈಲಾನ್ ಉಂಗುರವನ್ನು ಪೂರ್ತಿ ದಾಟಿಲ್ಲವೆಂದು ತಿಳಿಯಿರಿ. ಗಾಲಿಗಳ ಅದುರಿಗೆ ನಟ್ಟು ಬಿಚ್ಚಿಕೊಳ್ಳದಂತೆ ಹಿಡಿದಿಡುವುದು ಆ ಉಂಗುರವೇ. ಪದೇಪದೇ ತೆಗೆದು ಹಾಕಿದಂತೆ ಅದರ ಹಿಡಿತ ಕುಗ್ಗುತ್ತದೆ. ಕೈಬೆರಳಿನಿಂದಲೇ ಕೊನೆಯವರೆಗೆ ತಿರುಗುವ ನಟ್ಟನ್ನು ಎಸೆಯುವುದೇ ಸರಿ. ಆದ್ದರಿಂದ ಒಂದೆರಡನ್ನು ಹುಡುಕುವ ಬದಲು ಎಂಟು ಬೋಲ್ಟು, ಎಂಟು ನಟ್ಟುಗಳ ಜೋಡಿಯನ್ನೇ ಸ್ಕೇಟ್‌ಬೋರ್ಡ್ ಸಾಮಾನು ಮಾರುವವರಿಂದ ತರಿಸಿಕೊಳ್ಳಿ. ಒಂದನ್ನು ತೆಗೆದು ಅಲ್ಲಿಯೇ ಹೊಸದನ್ನು ಕೂರಿಸಿ ಮುಂದಿನದಕ್ಕೆ ಹೋದರೆ ಟ್ರಕ್ಕು ಜಾರುವುದಿಲ್ಲ. ಕೊನೆಗೆ ಎದುರು ಬದುರು ಮೂಲೆಗಳನ್ನು ಸರದಿಯಲ್ಲಿ ಬಿಗಿಯಿರಿ. ತಲೆಯು ಮೇಲಿನ ಒರಟು ಹಾಳೆಗೆ ಸಮವಾದ ಕೂಡಲೇ ನಿಲ್ಲಿಸಬೇಕು. ಅದಕ್ಕಿಂತ ಮುಂದೆ ಹೋದರೆ ತಲೆ ಹಲಗೆಯೊಳಗೆ ಇಳಿದು ಮರದ ಪದರಗಳನ್ನು ಜಜ್ಜುತ್ತದೆ.

ಪ್ರಶ್ನೆ: ತುಕ್ಕು ಹಿಡಿದ ಬೋಲ್ಟಿನ ತಲೆಯ ತೋಡು ಸವೆದುಹೋಗಿ ಸ್ಕ್ರೂಡ್ರೈವರ್ ಜಾರುತ್ತಿದೆ. ತೆಗೆಯುವುದು ಹೇಗೆ? — ಒಬ್ಬ ವಿದ್ಯಾರ್ಥಿ, ಸಾಗರ

ಉತ್ತರ: ತಲೆಯನ್ನು ತಿರುಗಿಸುವ ಪ್ರಯತ್ನವನ್ನೇ ಬಿಡಿ. ತಲೆಯನ್ನು ಅಲುಗದಂತೆ ಹಿಡಿದು, ಕೆಳಗಿನಿಂದ ನಟ್ಟನ್ನು ಸಾಕೆಟ್ ಸ್ಪ್ಯಾನರಿನಿಂದ ತಿರುಗಿಸಬೇಕು. ಅದಕ್ಕೆ ಮೊದಲು ತುಕ್ಕು ಸಡಿಲಿಸುವ ಎಣ್ಣೆಯನ್ನು ಸುತ್ತುಗಳಿಗೆ ಮಾತ್ರ ಹನಿಸಿ ಒಂದು ರಾತ್ರಿ ಬಿಡಿ; ಮರಕ್ಕೆ ಸೋಕದಂತೆ ನೋಡಿಕೊಳ್ಳಿ. ಬೋಲ್ಟು ಜತೆಯಲ್ಲೇ ತಿರುಗಿದರೆ ನಟ್ಟಿನಿಂದಾಚೆ ಕಾಣುವ ತುದಿಯನ್ನು ಇಕ್ಕಳದಲ್ಲಿ ಹಿಡಿದುಕೊಳ್ಳಿ. ಅದೂ ಆಗದಿದ್ದರೆ ನಟ್ಟನ್ನು ಹ್ಯಾಕ್ಸಾ ಬ್ಲೇಡಿನಿಂದ ಕತ್ತರಿಸುವುದೊಂದೇ ದಾರಿ. ಬೋಲ್ಟು ಅಗ್ಗದ ವಸ್ತು, ಟ್ರಕ್ಕು ಹಾಗಲ್ಲ. ಬ್ಲೇಡು ಅದರ ತಳಕ್ಕೆ ತಾಗದಿರಲಿ.

ಪ್ರಶ್ನೆ: ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೂ ಗಾಳಿಯಲ್ಲಿಯೇ ತೇವವಿರುತ್ತದೆ. ಸ್ಟೇನ್‌ಲೆಸ್ ಬೋಲ್ಟು ಹಾಕುವುದು ಒಳ್ಳೆಯದೆ? — ತೀರ್ಥಹಳ್ಳಿಯ ಓದುಗರು

ಉತ್ತರ: ಒಳ್ಳೆಯದು. ತುಕ್ಕಿನ ಮಟ್ಟಿಗೆ ಸತುವಿನ ಲೇಪದ ಉಕ್ಕಿಗಿಂತ ಅದು ಹೆಚ್ಚು ಬಾಳುತ್ತದೆ. ಆದರೆ ಸ್ಟೇನ್‌ಲೆಸ್ ಬೋಲ್ಟಿಗೆ ಸ್ಟೇನ್‌ಲೆಸ್ ನಟ್ಟನ್ನೇ ಜೋಡಿಸಿ ರಭಸದಿಂದ ಬಿಗಿದರೆ ಸುತ್ತುಗಳು ಒಂದಕ್ಕೊಂದು ಕಚ್ಚಿಕೊಳ್ಳುವುದುಂಟು. ಒಂದಿಷ್ಟು ಗ್ರೀಸು ಸವರಿ ನಿಧಾನವಾಗಿ ತಿರುಗಿಸಿ. ಬೋಲ್ಟು ಯಾವುದಾದರೂ ನೀರು ಅದರ ರಂಧ್ರಗಳ ಮೂಲಕವೇ ಮರದೊಳಕ್ಕೆ ಇಳಿಯುತ್ತದೆ. ನೆನೆದ ಹಲಗೆಯನ್ನು ಒರೆಸಿ, ಗಾಳಿಯಾಡುವ ಜಗಲಿಯಲ್ಲಿ ಅಂಚಿನ ಮೇಲೆ ನಿಲ್ಲಿಸಿ. ಬಟ್ಟೆ ಒಣಗಿಸುವಂತೆ ಬಚ್ಚಲೊಲೆಯ ಹತ್ತಿರ ಇಟ್ಟರೆ ಬೋಲ್ಟು ಬೇಗ ಒಣಗೀತು, ಆದರೆ ಹಲಗೆ ಬಾಗುತ್ತದೆ.