ಕ್ಲೌಡ್‌ಗೆ ಹೋಗೋದು ಸರಿ, ಪಿಗ್ಮಿ ಲೆಕ್ಕ ತಾಳೆಯಾಗುತ್ತಾ?

ಪ್ರಶ್ನೆ: ನಾನು ತಾಲ್ಲೂಕು ಕೇಂದ್ರದ ಪಟ್ಟಣ ಸಹಕಾರಿ ಬ್ಯಾಂಕೊಂದರ ನಿರ್ದೇಶಕ. ನಮ್ಮ ಸಿಬಿಎಸ್ (ಎಲ್ಲ ಶಾಖೆಗಳ ಲೆಕ್ಕವನ್ನು ಒಂದೆಡೆ ಇಡುವ ಸಾಫ್ಟ್‌ವೇರ್) ಹಳೆಯದು, ಸರ್ವರ್ ಹೆಡ್ ಆಫೀಸಿನಲ್ಲೇ ಇದೆ. ಹೊಸ ಕಂಪನಿಯವರು ‘ಕ್ಲೌಡ್‌ಗೆ ಹಾಕೋಣ, ಶನಿವಾರ ರಾತ್ರಿ ಶುರು ಮಾಡಿದ್ರೆ ಸೋಮವಾರ ಎಲ್ಲ ಶಾಖೆಗಳೂ ಹೊಸದರಲ್ಲಿ’ ಎನ್ನುತ್ತಾರೆ. ನಂಬಬಹುದೇ?

ಉತ್ತರ: ಕ್ಲೌಡ್‌ಗೆ, ಅಂದರೆ ಇಂಟರ್ನೆಟ್ ಮೂಲಕ ಬಳಸುವ ಹೊರಗಿನ ಸರ್ವರ್‌ಗೆ, ಧಾರಾಳವಾಗಿ ಹೋಗಿ. ಆದರೆ ಎಲ್ಲ ಶಾಖೆಗಳೂ ಒಂದೇ ರಾತ್ರಿ ಬೇಡ.

ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಹೀಗೇ ಮಾಡಿತು. ಅದುವರೆಗೆ ಬಳಸುತ್ತಿದ್ದ ಲಾಯ್ಡ್ಸ್ ಬ್ಯಾಂಕಿನ ವ್ಯವಸ್ಥೆ ಬಿಟ್ಟು, ತನ್ನ ಆಗಿನ ಮಾಲೀಕ, ಸ್ಪೇನ್ ಮೂಲದ ಸಬಾಡೆಲ್ ಬ್ಯಾಂಕ್ ಕಟ್ಟಿಸಿದ ವ್ಯವಸ್ಥೆಗೆ ಸುಮಾರು 52 ಲಕ್ಷ ಗ್ರಾಹಕರನ್ನು ಒಂದೇ ವಾರಾಂತ್ಯದಲ್ಲಿ ಸಾಗಿಸಿತು. ಅದು ಪೂರ್ತಿ ಕ್ಲೌಡ್ ಕಥೆಯಲ್ಲ, ಆದರೆ ಸಾಗಣೆಯ ಪಾಠ ಅದೇ. ಡೇಟಾವೇನೋ ಸರಿಯಾಗಿಯೇ ಬಂತು. ಜನ ಲಾಗಿನ್ ಆಗತೊಡಗಿದ ಕೂಡಲೇ ವ್ಯವಸ್ಥೆ ಕುಸಿಯಿತು. 19 ಲಕ್ಷದವರೆಗೆ ಗ್ರಾಹಕರಿಗೆ ತಮ್ಮ ಖಾತೆಯೊಳಗೆ ಹೋಗಲೇ ಆಗಲಿಲ್ಲ. ಇದ್ದದ್ದು ಎರಡು ಡೇಟಾ ಸೆಂಟರ್, ಲೋಡ್ ಪರೀಕ್ಷೆ (ಒಮ್ಮೆಲೇ ಬಹಳ ಜನ ಬಳಸಿದರೆ ತಡೆಯುತ್ತದಾ ಅಂತ ನೋಡುವುದು) ಮಾಡಿದ್ದು ಒಂದರಲ್ಲಿ ಮಾತ್ರ! ಎಲ್ಲ ಸರಿಹೋಗಲು ಡಿಸೆಂಬರ್ ಬಂತು. 2022ರಲ್ಲಿ ಬಿದ್ದ ದಂಡ 4.865 ಕೋಟಿ ಪೌಂಡ್.

ನಿಮ್ಮಷ್ಟು ಸಣ್ಣ ಬ್ಯಾಂಕಿಗೆ ಲೋಡ್ ಅಷ್ಟಾಗಿ ಕಾಡದು. ಹಳೆಯ ಡೇಟಾ ಕಾಡುತ್ತದೆ. ‘ಕೆ. ಮಂಜುನಾಥ’, ‘ಮಂಜುನಾಥ ಕೆ.’ ಇಬ್ಬರೂ ಒಬ್ಬರೇ, ಗ್ರಾಹಕ ಸಂಖ್ಯೆ ಮಾತ್ರ ಎರಡು. ಯಾವ ಲೆಕ್ಕಕ್ಕೆಂದು ತೀರ್ಮಾನವಾಗದ ಹಣ ಇಡುವ ಸಸ್ಪೆನ್ಸ್ ಖಾತೆಯಲ್ಲಿ ವರ್ಷಗಟ್ಟಲೆ ಕೂತ ಮೊತ್ತ ಬೇರೆ. ಚಿನ್ನದ ಸಾಲದ ಬಡ್ಡಿಯನ್ನು ಹಳೆಯ ಸಾಫ್ಟ್‌ವೇರ್ ಪೂರ್ತಿ ರೂಪಾಯಿಗೆ ತರುತ್ತಿದ್ದು, ಹೊಸದು ಪೈಸೆ ಉಳಿಸಿಕೊಂಡರೆ ಎರಡರ ಟ್ರಯಲ್ ಬ್ಯಾಲೆನ್ಸ್ (ಎಲ್ಲ ಖಾತೆಗಳ ಬಾಕಿಯ ಪಟ್ಟಿ) ಒಂದಕ್ಕೊಂದು ಕೂಡುವುದಿಲ್ಲ. ಇದನ್ನೆಲ್ಲ ಮೊದಲೇ ನಿಮ್ಮ ಸಿಬ್ಬಂದಿಯೇ ಸರಿಮಾಡಬೇಕು. ಯಾವ ಮಂಜುನಾಥ ಅಂತ ಕಂಪನಿಯವರಿಗೆ ಹೇಗೆ ಗೊತ್ತಾಗಬೇಕು, ಅಲ್ವಾ?

ಇನ್ನು ಪಿಗ್ಮಿ, ಅಂದರೆ ಏಜೆಂಟರು ದಿನವೂ ಬಂದು ಕಟ್ಟಿಸಿಕೊಳ್ಳುವ ಸಣ್ಣ ಉಳಿತಾಯ. 1928ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ ಶುರು ಮಾಡಿದ ಪದ್ಧತಿ ಇದು. ಹೊರಗಿನ ರೆಡಿಮೇಡ್ ಸಾಫ್ಟ್‌ವೇರ್‌ಗೆ ಇದರ ಪರಿಚಯ ಇಲ್ಲದಿರಬಹುದು. ನೆಟ್ ಇಲ್ಲದ ಹಳ್ಳಿಯಲ್ಲಿ ಏಜೆಂಟರು ಕಟ್ಟಿಸಿಕೊಂಡ ಹಣ ಸಂಜೆ ಒಂದೇ ಸಲ ಜಮಾ ಆಗುತ್ತದಾ, ಎರಡು ಸಲ ಆಗುತ್ತದಾ? ನಿಮ್ಮೆದುರೇ ಮಾಡಿಸಿ ನೋಡಿ.

ಮೊದಲು ಒಂದು ಸಣ್ಣ ಶಾಖೆ ಸಾಗಿಸಿ. ಒಂದು ತಿಂಗಳು ಹಳೆಯದು, ಹೊಸದು ಎರಡರಲ್ಲೂ ಎಂಟ್ರಿ ಹಾಕಿಸಿ, ದಿನದ ಕೊನೆಗೆ ತಾಳೆ ನೋಡಿ. ಎರಡು ಪಟ್ಟು ಕೆಲಸ ಅಂತ ಸಿಬ್ಬಂದಿ ಗೊಣಗುತ್ತಾರೆ, ಗೊಣಗಲಿ ಬಿಡಿ. ಉಳಿದ ಶಾಖೆಗಳ ಸರದಿ ಬಂದಾಗ ಗಡುವು ಇಟ್ಟುಕೊಳ್ಳಿ: ಭಾನುವಾರ ಮಧ್ಯಾಹ್ನ ಎರಡು ಗಂಟೆಯೊಳಗೆ ಲೆಕ್ಕ ಕೂಡದಿದ್ದರೆ ಹಳೆಯದಕ್ಕೇ ವಾಪಸ್. ವರ್ಷದ ಲೆಕ್ಕ ಮುಗಿಸುವ ಮಾರ್ಚ್ ತಿಂಗಳಂತೂ ಬೇಡವೇ ಬೇಡ. ಪ್ರತಿ ಶಾಖೆಗೂ ಬೇರೆ ಬೇರೆ ಕಂಪನಿಯ ಎರಡು ಇಂಟರ್ನೆಟ್ ಲೈನ್ ಇರಲಿ, ಏಕೆಂದರೆ ಕ್ಲೌಡ್‌ನಲ್ಲಿ ಲೈನ್ ಹೋದರೆ ಕೌಂಟರ್ ಬಂದ್.

ಕೆಲಸ ಹೊರಗೆ ಕೊಟ್ಟರೂ ಹೊಣೆ ಬ್ಯಾಂಕಿನದ್ದೇ ಎಂದು ಆರ್‌ಬಿಐ 2023ರ ಐಟಿ ಹೊರಗುತ್ತಿಗೆ ನಿರ್ದೇಶನದಲ್ಲಿ ಹೇಳಿತ್ತು. ಟಯರ್ 1, ಟಯರ್ 2 ಎಂದು ಕರೆಯುವ ಸಣ್ಣ ಗಾತ್ರದ ಪಟ್ಟಣ ಸಹಕಾರಿ ಬ್ಯಾಂಕುಗಳನ್ನು ಅದರಿಂದ ಹೊರಗಿಟ್ಟಿದ್ದರೂ ನೀವು ಅದನ್ನೊಮ್ಮೆ ಓದಿ. ನಾಳೆ ನೀವು ಈ ಕಂಪನಿ ಬಿಟ್ಟು ಹೋಗುವುದಾದರೆ ಡೇಟಾ ಯಾವ ರೂಪದಲ್ಲಿ, ಎಷ್ಟು ದಿನದಲ್ಲಿ ಕೈಗೆ ಸಿಗುತ್ತದೆ ಅಂತ ಕಂಪನಿಯವರನ್ನು ಕೇಳಿ. ಅವರ ಉತ್ತರವನ್ನು ಒಪ್ಪಂದದಲ್ಲೇ ಬರೆಸಿ, ಆಮೇಲೆ ಸಹಿ ಹಾಕಿ.