ಹುಡುಕಬೇಕಾದದ್ದು ತೊಂದರೆಯ ಹೆಸರಲ್ಲ, ಆಟದ ಹೆಸರು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಒಂಬತ್ತು ವರ್ಷದ ಹುಡುಗ. ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ದೇಹದ ಚಲನೆ ಹಿಡಿತಕ್ಕೆ ಸಿಗದ ಸ್ಥಿತಿ) ಇದೆ, ಗಾಲಿಕುರ್ಚಿ ಬಳಸುತ್ತಾನೆ. ‘ಇವನಿಗೂ ಏನಾದ್ರೂ ಆಟ ಇರ್ಬೇಕಲ್ವಾ ಮೇಡಂ? ಎಷ್ಟು ಹುಡುಕಿದ್ರೂ ಬರೋದೆಲ್ಲ ಥೆರಪಿನೇ’ ಎಂದು ತಾಯಿ ಮೊಬೈಲ್ ತೋರಿಸಿದರು. ಮಗನ ತೊಂದರೆಯ ಹೆಸರಿನ ಜೊತೆ ‘ವ್ಯಾಯಾಮ’ ಎಂದು ಸೇರಿಸಿ ಹುಡುಕಿದ್ದರು. ಹಾಗೆ ಹುಡುಕಿದರೆ ಜಾಸ್ತಿ ಸಿಗೋದು ಕ್ಲಿನಿಕ್‌ಗಳೇ. ಹುಡುಗನಿಗೋ, ಫಿಸಿಯೋಥೆರಪಿ ಸಾಕಾಗಿಹೋಗಿತ್ತು.

ನಾವು ಮಾತಾಡುತ್ತಿದ್ದಾಗ ಅವನು ಮೇಜಿನ ಮೇಲಿದ್ದ ಫೈಲನ್ನು ಓರೆಯಾಗಿಟ್ಟು, ಅದರ ಮೇಲಿಂದ ರಬ್ಬರ್ ಚೆಂಡು ಉರುಳಿಸಿ ಪೆನ್ ಸ್ಟ್ಯಾಂಡಿಗೆ ಗುರಿ ಇಡುತ್ತಿದ್ದ. ತಪ್ಪಿದರೆ ಫೈಲನ್ನು ಚೂರು ತಿರುಗಿಸುವುದು, ಮತ್ತೆ ಉರುಳಿಸುವುದು. ಬೇಕಾಗಿದ್ದ ಉತ್ತರ ಅಲ್ಲೇ ಇತ್ತು.

‘ಬೋಚಾ ಅಂತ ಹುಡುಕಿ’ ಎಂದೆ. ನಮ್ಮ ಚೆಂಡನ್ನು ಬಿಳಿ ಚೆಂಡಿನ ಆದಷ್ಟು ಹತ್ತಿರ ನಿಲ್ಲಿಸುವ ಆಟ ಅದು. ಗಾಲಿಕುರ್ಚಿಯಲ್ಲಿ ಕೂತೇ ಆಡುತ್ತಾರೆ. ಎಸೆಯಲು ಆಗದವರು ಇಳಿಜಾರಿನ ಮೇಲಿಂದ ಚೆಂಡು ಉರುಳಿಸುತ್ತಾರೆ. 1984ರಿಂದ ಪ್ಯಾರಾಲಿಂಪಿಕ್ಸ್‌ನಲ್ಲಿದೆ. ಹುಡುಗ ಅಲ್ಲೇ ಒಂದು ವಿಡಿಯೋ ನೋಡಿದ, ಇನ್ನೊಂದು ಹಾಕಿ ಅಂದ.

ತಂದೆ ಕೇಳಿದ್ದು ಒಂದೇ ಪ್ರಶ್ನೆ: ‘ಇದರಿಂದ ನಡೆಯೋಕೆ ಉಪಯೋಗ ಆಗುತ್ತಾ?’ ಆ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಬೇರೆ ಮಕ್ಕಳನ್ನು ಆಡಿ ಅಂತ ಸುಮ್ನೆ ಬಿಡುತ್ತೇವೆ. ಇವನಿಗೂ ಅಷ್ಟು ಬಿಡೋಣ ಎಂದೆ.

ತಾಯಿಗೆ ಇನ್ನೊಂದು ಹೆದರಿಕೆ. ಅಂಗವೈಕಲ್ಯ ಇರುವ 5ರಿಂದ 17 ವರ್ಷದ ಮಕ್ಕಳಿಗೂ ದಿನಕ್ಕೆ ಸರಾಸರಿ 60 ನಿಮಿಷದ ದೈಹಿಕ ಚಟುವಟಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದನ್ನು ಅವರು ಓದಿದ್ದರು. ಸ್ವಲ್ಪವಾದರೂ ಮಾಡುವುದು ಏನೂ ಮಾಡದೇ ಇರುವುದಕ್ಕಿಂತ ಒಳ್ಳೆಯದು, ನಿಧಾನವಾಗಿ ಹೆಚ್ಚಿಸಿ ಎಂದೂ ಅದರಲ್ಲೇ ಇದೆ ಎಂದು ನೆನಪಿಸಿದೆ.

ಆಟದ ತರಗತಿಗಳ ಜಾಹೀರಾತಿನಲ್ಲಿ ‘ಎಲ್ಲರಿಗೂ ಅವಕಾಶ’ ಎಂಬ ಸಾಲು ನೋಡಿ ದುಡ್ಡು ಕಟ್ಟಬೇಡಿ, ಮೊದಲು ಫೋನ್ ಮಾಡಿ ಎಂದೆ. ಎಷ್ಟು ಮಕ್ಕಳಿಗೆ ಎಷ್ಟು ಸಹಾಯಕರು? ಗಾಲಿಕುರ್ಚಿ ಶೌಚಾಲಯದ ಒಳಗೆ ಹೋಗುತ್ತಾ? ಮಗು ಸುಸ್ತಾದರೆ ಏನು ಮಾಡುತ್ತೀರಿ? ಒಂದು ದಿನ ಬಂದು ನೋಡಬಹುದಾ? ಆನ್‌ಲೈನ್ ತರಗತಿಯಾದರೆ, ಹೇಳಿಕೊಡುವವರಿಗೆ ನಮ್ಮ ಮಗು ಕಾಣಿಸುತ್ತಾ, ಅಥವಾ ಬರೀ ರೆಕಾರ್ಡ್ ಮಾಡಿದ ವಿಡಿಯೋನಾ? ಸೇರುವ ಮೊದಲೇ ವೈದ್ಯಕೀಯ ವರದಿ, ಫೋಟೋ ಎಲ್ಲ ಕಳಿಸಿ ಅಂದರೆ ಯಾಕೆ ಅಂತ ಕೇಳಿ. ಕುರ್ಚಿಯಲ್ಲಿ ಹೇಗೆ ಕೂತು ಆಡಿದರೆ ಬೆನ್ನಿಗೆ ಒಳ್ಳೆಯದು ಅನ್ನೋದನ್ನು ಫಿಸಿಯೋಥೆರಪಿಸ್ಟ್ ಹತ್ತಿರವೇ ತಿಳಿದುಕೊಳ್ಳಿ.